ಶನಿವಾರ ಬಿದ್ದ ಗಣಿತದ ಪರೀಕ್ಷೆ

ಉಡುಪಿ ಸೀಮೆಯಲ್ಲಿ ಹುಟ್ಟಿ ಬೆಳೆದು, ಇಪ್ಪತ್ತು ದಾಟುವವರೆಗೆ ಕಾಫಿಯ ರುಚಿ ನೋಡದವಳು ಬಹುಶಃ ನಾನೊಬ್ಬಳೇ. ಕಾಫಿ ಇಲ್ಲ, ಚಹಾ ಇಲ್ಲ. ನಮ್ಮ ಮನೆ ಕಾಪುವಿನಲ್ಲಿ. ಹಿತ್ತಲಿನ ಬೇಲಿ ದಾಟಿ ಸ್ವಲ್ಪ ನಡೆದರೆ ಸಮುದ್ರ. ಆದರೆ ಆ ಸಮುದ್ರದ ಅರ್ಧ ಪಾಲು ನಮಗೆ ನಿಷಿದ್ಧ. ಸಿಗಡಿ ಆಗದು, ಏಡಿ ಆಗದು, ಚಿಪ್ಪಿನೊಳಗಿನ ಮರುವಾಯಿ ಆಗದು, ಮೈಮೇಲೆ ಪೊರೆ ಇಲ್ಲದ ಮೀನು ಯಾವುದೂ ಆಗದು. ಪಕ್ಕದ ಮನೆಯಲ್ಲಿ ಸಿಗಡಿ ಸುಕ್ಕ ಮಾಡಿದ ದಿನ ನಾನು ಕಿಟಕಿಯ ಹತ್ತಿರ ನಿಂತು ಮೂಗಿನಲ್ಲೇ ಊಟ ಮಾಡುತ್ತಿದ್ದೆ. ಅದಕ್ಕೂ ಪಾಪ ಹತ್ತುತ್ತದೋ ಇಲ್ಲವೋ ಎಂದು ಅಪ್ಪನನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ನಾವು ಅಡ್ವೆಂಟಿಸ್ಟ್ ಪಂಗಡದ ಕ್ರೈಸ್ತರು. ಊರವರ ಬಾಯಲ್ಲಿ 'ಶನಿವಾರದವರು'. ಬೇರೆ ಕ್ರೈಸ್ತರಿಗೆ ಭಾನುವಾರ ಹೇಗೋ ನಮಗೆ ಶನಿವಾರ ಹಾಗೆ, ಆದರೆ ನಮ್ಮ ದಿನ ಬೆಳಿಗ್ಗೆ ಶುರುವಾಗುವುದಲ್ಲ. ಶುಕ್ರವಾರ ಸೂರ್ಯ ಮುಳುಗಿದ ಕ್ಷಣದಿಂದ ಶನಿವಾರ ಸೂರ್ಯ ಮುಳುಗುವ ಕ್ಷಣದವರೆಗೆ ಸಬ್ಬತ್ತು. ಅಷ್ಟು ಹೊತ್ತು ಒಲೆ ಹಚ್ಚುವುದಿಲ್ಲ, ಕೈಯಲ್ಲಿ ದುಡ್ಡು ಹಿಡಿಯುವುದಿಲ್ಲ, ದುಡ್ಡಿಲ್ಲದ್ದರಿಂದ ಬಸ್ಸು ಹತ್ತುವುದಿಲ್ಲ, ಶಾಲೆಯ ಪುಸ್ತಕ ತೆರೆಯುವುದಿಲ್ಲ. ಬೇರೆ ಊರುಗಳಲ್ಲಿ ನಮ್ಮವರು ಇಷ್ಟೊಂದು ಬಿಗಿ ಮಾಡುವುದಿಲ್ಲ ಎಂದು ನನಗೆ ಎಷ್ಟೋ ತಡವಾಗಿ ಗೊತ್ತಾಯಿತು. ಆ ಬಿಗಿ ಅಪ್ಪನದು.

ಅಪ್ಪ ಬೋರ್ಡು ಬರೆಯುವವರು. ಫ್ಲೆಕ್ಸ್ ಇನ್ನೂ ಬಂದಿರದ ಕಾಲ; ಕಾಪುವಿನಿಂದ ಕಾರ್ಕಳದವರೆಗೆ ಎಷ್ಟೋ ಅಂಗಡಿಗಳ ಬೋರ್ಡು, ಬಸ್ಸುಗಳ ಹಣೆಯ ಮೇಲಿನ ಹೆಸರು ಅವರ ಕೈಯದ್ದು. ಶುಕ್ರವಾರ ಮಧ್ಯಾಹ್ನ ಬ್ರಷ್ಷನ್ನು ಸೀಮೆಎಣ್ಣೆಗೆ ಹಾಕಿದರೆಂದರೆ ಮುಗಿಯಿತು, ಮತ್ತೆ ಯಾರು ಕಾಲು ಹಿಡಿದರೂ ಎತ್ತುತ್ತಿರಲಿಲ್ಲ. ಒಮ್ಮೆ ಒಬ್ಬ ಬಸ್ಸಿನ ಮಾಲಕ ಮರುದಿನ ಬೆಳಿಗ್ಗೆ ಹೊಸ ಬಸ್ಸಿನ ಪೂಜೆ ಇಟ್ಟುಕೊಂಡಿದ್ದ. ಹೆಸರಿನ ಕೊನೆಯ ಎರಡಕ್ಷರ ಬಾಕಿ ಇರುವಾಗ ಅಪ್ಪ ಏಣಿ ಇಳಿದುಬಿಟ್ಟರು. "ಎರಡಕ್ಷರಕ್ಕೆ ಎಂತ ಶನಿ ಹಿಡಿದದ್ದು ಮಾರಾಯ್ರೆ ನಿಮಗೆ?" ಎಂದು ಅವನು ಹಣೆ ಹಣೆ ಚಚ್ಚಿಕೊಂಡ. ಬಸ್ಸು ಮುಕ್ಕಾಲು ಹೆಸರಿನಲ್ಲೇ ಪೂಜೆ ಮಾಡಿಸಿಕೊಂಡಿತು.

ನಮ್ಮ ಸಭೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಸಮಯ ಅಚ್ಚಾಗಿ ಬರುತ್ತಿತ್ತು, ಆದರೆ ಅದು ಯಾವುದೋ ದೂರದ ಪಟ್ಟಣದ ಲೆಕ್ಕ. ಅಪ್ಪ ಅದನ್ನು ನಂಬುತ್ತಿರಲಿಲ್ಲ. ಶುಕ್ರವಾರವೂ ಶನಿವಾರವೂ ಸಂಜೆ ನನ್ನ ಕೈ ಹಿಡಿದುಕೊಂಡು ಕಡಲ ಬದಿಗೆ ಹೋಗಿ ಮರಳಿನ ಮೇಲೆ ನಿಲ್ಲುತ್ತಿದ್ದರು. ಸೂರ್ಯನ ಕೊನೆಯ ಎಳೆ ನೀರಿಗೆ ಇಳಿಯಬೇಕು, ಆಮೇಲೆಯೇ "ಆಯ್ತು" ಎನ್ನುವುದು. ಮಳೆಗಾಲದಲ್ಲಿ ಸೂರ್ಯ ಕಾಣದಿದ್ದರೆ ಇನ್ನೂ ಕಾಲು ಗಂಟೆ ಹೆಚ್ಚಿಗೆ ಕಾಯುತ್ತಿದ್ದರು. ಕೊಡೆ ಹಿಡಿದು ನಿಂತ ನನಗೆ ಹಸಿವಾಗುತ್ತಿತ್ತು, ಅಳು ಬರುತ್ತಿತ್ತು.

ಮನೆಯಲ್ಲಿ ನಮ್ಮ ಮಾತು ತುಳು. ಪ್ರಾರ್ಥನೆ, ಬುದ್ಧಿಮಾತು, ಬೈಗುಳದ ಬದಲಿನ ಉಪದೇಶ ಎಲ್ಲ ಕನ್ನಡದಲ್ಲಿ. ಅಪ್ಪ ಕನ್ನಡಕ್ಕೆ ತಿರುಗಿದರೆಂದರೆ ವಿಷಯ ಗಂಭೀರ ಎಂದು ಅರ್ಥ.

ಆ ಗಂಭೀರ ವಿಷಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪ್ರವಾದನೆಯ, ಎಂದರೆ ಬೈಬಲಿನ ಭವಿಷ್ಯವಾಣಿಯ, ಲೆಕ್ಕ. ಅಪ್ಪ ದೊಡ್ಡದೊಂದು ಬಿಳಿ ಬಟ್ಟೆಯ ಮೇಲೆ ಅದರ ಚಾರ್ಟು ಬರೆದಿದ್ದರು. ಮೇಲೆ ರೆಕ್ಕೆಯ ಸಿಂಹ, ಕರಡಿ, ನಾಲ್ಕು ತಲೆಯ ಚಿರತೆ. ಚಿರತೆ ಮಾತ್ರ ಥೇಟ್ ನವರಾತ್ರಿಯ ಹುಲಿವೇಷದ ಹಾಗೆ ಕಾಣುತ್ತಿತ್ತು. ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಉದ್ದ ಗೆರೆ, ಅದರ ಮೇಲೆ ಇಸವಿಗಳು. ಭಾನುವಾರ ಸಂಜೆ ಅಲೆವೂರು, ಕಾರ್ಕಳದ ಕಡೆ ನಮ್ಮವರ ಮನೆಗಳಲ್ಲಿ ಕೂಟ ಇರುತ್ತಿತ್ತು. ಚಾರ್ಟಿನ ಒಂದು ಕೋಲು ನಾನು ಹಿಡಿಯಬೇಕು, ಇನ್ನೊಂದು ಅಮ್ಮ. ಕೈ ಸೋತು ಬಟ್ಟೆ ಜೋಲಿದರೆ ಅಪ್ಪ ಮಾತು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

ಲೆಕ್ಕ ಹೀಗೆ. ದೇವಾಲಯದ ಪರಿಶುದ್ಧ ಸ್ಥಳ ಶುದ್ಧವಾಗಲು ಎರಡು ಸಾವಿರದ ಮುನ್ನೂರು ದಿನ ಎಂದು ಬಹಳ ಹಿಂದೆ ಪ್ರವಾದಿಗೆ ತಿಳಿಸಲಾಗಿತ್ತು. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷ. ಹಾಳಾಗಿದ್ದ ಯೆರೂಸಲೇಮನ್ನು ಮತ್ತೆ ಕಟ್ಟಲು ಅಪ್ಪಣೆಯಾದ ಕ್ರಿಸ್ತಪೂರ್ವ ನಾನೂರ ಐವತ್ತೇಳರಿಂದ ಎಣಿಸಿಕೊಂಡು ಬಂದರೆ ಲೆಕ್ಕ ಸಾವಿರದ ಎಂಟುನೂರ ನಲವತ್ತನಾಲ್ಕಕ್ಕೆ ಬಂದು ನಿಲ್ಲುತ್ತದೆ. ಏಳನೇ ಕ್ಲಾಸಿನಲ್ಲಿರುವಾಗ, ಕೋಲು ಹಿಡಿದು ನಿಂತ ಬೇಸರಕ್ಕೆ ನಾನೂ ಮನಸ್ಸಿನಲ್ಲೇ ಕಳೆದು ನೋಡಿದೆ.

"ನಲವತ್ತಮೂರು ಬರ್ತದೆ ಅಪ್ಪ. ನೀವು ನಲವತ್ತನಾಲ್ಕು ಬರೆದಿದ್ದೀರಿ," ಎಂದೆ, ಎಲ್ಲರ ಎದುರಿಗೆ.

ಅಮ್ಮನ ಮುಖ ಕಪ್ಪಾಯಿತು. ಅಪ್ಪ ಮಾತ್ರ ನಕ್ಕರು. ಅವರು ಅಷ್ಟು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. "ಕ್ರಿಸ್ತಪೂರ್ವ ಒಂದು ಮುಗಿದ ಕೂಡಲೇ ಕ್ರಿಸ್ತಶಕ ಒಂದು. ನಡುವೆ ಸೊನ್ನೆ ಅಂತ ಒಂದು ವರ್ಷವೇ ಇಲ್ಲ ಮಗಾ. ಮೊದಲು ಲೆಕ್ಕ ಹಾಕಿದ ದೊಡ್ಡವರು ಸಹ ಇಲ್ಲಿಯೇ ಎಡವಿದ್ದು," ಎಂದು ಹೇಳಿ, ನೆರೆದವರ ಕಡೆ ತಿರುಗಿ, "ಇವಳು ಲೆಕ್ಕ ಕಲೀಬೇಕು," ಎಂದರು. ನಾನು ಗಣಿತ ಓದಿದ್ದಕ್ಕೆ ಇದೇ ಕಾರಣ. ಶಾಲೆಯ ಯಾವ ಮಾಸ್ಟ್ರೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಆ ಇಸವಿಯಲ್ಲಿ ಆದದ್ದೇನು ಎಂಬುದು ಕೂಟದ ಕೊನೆಯ ಭಾಗ. ಆ ವರ್ಷ ಯೇಸು ಭೂಮಿಗೆ ಬರುತ್ತಾನೆಂದು ದೂರದ ದೇಶದಲ್ಲಿ ಜನ ಮನೆ ಮಠ ಬಿಟ್ಟು ಕಾದರು. ಬರಲಿಲ್ಲ. ಅತ್ತು ಅತ್ತು ಸಾಕಾದ ಮೇಲೆ ಅವರಲ್ಲಿ ಕೆಲವರಿಗೆ ಹೊಳೆಯಿತು: ಇಸವಿ ಸರಿ, ಜಾಗ ತಪ್ಪು. ಅವನು ಇಲ್ಲಿಗೆ ಬರುವುದಲ್ಲ, ಪರಲೋಕದಲ್ಲಿರುವ ದೇವಾಲಯದ ಹೊರಕೋಣೆಯಿಂದ ಒಳಕೋಣೆಗೆ ಹೋಗಿದ್ದಾನೆ. ಅಲ್ಲಿ ವಿಚಾರಣೆ ನಡೆಯುತ್ತಿದೆ. ಮೊದಲು ಸತ್ತವರದು, ಆಮೇಲೆ ಬದುಕಿರುವವರದು. ಒಬ್ಬೊಬ್ಬರ ಹೆಸರು ತೆಗೆದು, ಮಾಡಿದ್ದೆಲ್ಲ ನೋಡಿ, ಇಟ್ಟುಕೊಳ್ಳುವುದೋ ಅಳಿಸುವುದೋ ತೀರ್ಮಾನಿಸುತ್ತಾರೆ. ಯಾರ ಹೆಸರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ.

ದೊಡ್ಡವರಿಗೆ ಇದು ಸಮಾಧಾನ. ನಮ್ಮ ಪರ ಮಾತಾಡುವವನು ಒಳಗಿದ್ದಾನಲ್ಲ ಎಂದು. ನನಗೆ ಮಾತ್ರ ಭಯವೇ ಭಯ. ಬೆಲ್ಲದ ಡಬ್ಬಿಗೆ ಕೈ ಹಾಕಿದ ಹೊತ್ತಿಗೇ ನನ್ನ ಹೆಸರು ಕರೆದರೆ? ಮನಸ್ಸಿನಲ್ಲಿ ಟೀಚರಿಗೆ ಬೈಯುತ್ತಿರುವಾಗ? ಬಚ್ಚಲಿಗೆ ಹೋದರೂ ಯಾರೋ ನೋಡುತ್ತಿದ್ದಾರೆ ಎನಿಸುತ್ತಿತ್ತು. ಲೋಕದಲ್ಲಿ ಸತ್ತವರು ಎಷ್ಟು, ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿದೀತು ಎಂದು ಸ್ಲೇಟಿನಲ್ಲಿ ಲೆಕ್ಕ ಹಾಕಿ, ಕಾಪುವಿನವರ ಸರದಿ ಬರಲು ಇನ್ನೂ ಬಹಳ ಕಾಲ ಉಂಟು ಎಂದು ಒಮ್ಮೆ ಅಪ್ಪನಿಗೆ ತೋರಿಸಿದೆ. "ದೇವರದ್ದು ತಾಲೂಕು ಆಫೀಸಲ್ಲ," ಎಂದರು ಅಪ್ಪ. ಅಲ್ಲಿಗೆ ನನ್ನ ಸಮಾಧಾನವೂ ಹೋಯಿತು.

ಹೈಸ್ಕೂಲು ಹೇಗೋ ದಾಟಿತು. ಪಿಯುಸಿ ಎರಡನೇ ವರ್ಷದಲ್ಲಿ ಸಿಕ್ಕಿಬಿದ್ದೆ. ಗಣಿತದ ಪರೀಕ್ಷೆ ಶನಿವಾರ ಬಿತ್ತು. ನಾನು ಬರೆಯಲಿಲ್ಲ. ಬರೆಯುತ್ತೇನೆಂದು ಕೇಳಲೂ ಇಲ್ಲ, ಕೇಳುವ ಪದ್ಧತಿಯೇ ನಮ್ಮ ಮನೆಯಲ್ಲಿ ಇರಲಿಲ್ಲ. ಆ ಬೆಳಿಗ್ಗೆ ನಮ್ಮ ಮನೆಯೆದುರಿನ ರಸ್ತೆಯಲ್ಲಿ ನನ್ನ ಕ್ಲಾಸಿನವರು ರಟ್ಟು ಹಿಡಿದು ಬಸ್ಸಿಗೆ ಓಡುತ್ತಿದ್ದರು, ನಾನು ಚಾವಡಿಯಲ್ಲಿ ಕೂತು ಕೀರ್ತನೆ ಹಾಡುತ್ತಿದ್ದೆ. ಮರುಪರೀಕ್ಷೆಯೂ ಶನಿವಾರವೇ ಬಂತು. ಒಂದು ವರ್ಷ ಹಾಳು. ಕ್ಲಾಸಿಗೇ ಮೊದಲಿನವಳು ಗಣಿತದಲ್ಲಿ ಫೇಲು ಎಂಬ ಸುದ್ದಿ ಬಸ್ಸಿನಲ್ಲೆಲ್ಲ ಹರಡಿತು. "ಎಂತ ಆಯ್ತು ನಿನಗೆ?" ಎಂದು ಕೇಳಿದವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟೆ.

ಆ ವರ್ಷ ಮನೆಯಲ್ಲಿ ಕೂತಾಗಲೇ ಬೋರ್ಡಿಂಗ್ ಶಾಲೆಯ ಮಾತು ಹುಟ್ಟಿದ್ದು. ಬೇರೆ ರಾಜ್ಯದಲ್ಲಿ ನಮ್ಮ ಸಭೆಯವರದೇ ಒಂದು ಶಾಲೆ. ಅಲ್ಲಿ ಸಣ್ಣ ಮಕ್ಕಳಿಗೆ ಕಲಿಸಿಕೊಂಡು ಹಾಸ್ಟೆಲಿನಲ್ಲಿ ಇರಬಹುದು, ಶನಿವಾರದ ತೊಂದರೆಯೇ ಇಲ್ಲ ಎಂದು ನಮ್ಮ ಪಾಸ್ಟರು ಹೇಳಿದರು. ನಾನು ಒಮ್ಮೆ ಅಲ್ಲಿನ ಶಿಬಿರಕ್ಕೆ ಹೋಗಿದ್ದೆ. ನಮ್ಮವರದೇ ಶಾಲೆ, ನಮ್ಮವರದೇ ಊಟ, ನಮ್ಮವರದೇ ಗೇಟು. ಗೇಟಿನ ಒಳಗೆ ಹೋದ ಹುಡುಗಿಯರು ಅಲ್ಲೇ ಕಲಿಸಿ, ಅಲ್ಲೇ ಮದುವೆಯಾಗಿ, ಅಲ್ಲೇ ಮುದುಕಿಯರಾಗುತ್ತಿದ್ದರು. ಅವರಿಗೆ ಸುಖವಿದ್ದೀತು. ನನಗೆ ನೆನೆದರೇ ಉಸಿರು ಕಟ್ಟುತ್ತಿತ್ತು. ಮರುವರ್ಷ ಗಣಿತದ ಪರೀಕ್ಷೆ ಶನಿವಾರ ಬೀಳಲಿಲ್ಲ; ಪಾಸಾಗಿ, ಅತ್ತು ಕರೆದು ಬಿ.ಎಸ್ಸಿ.ಗೆ ಸೇರಿಕೊಂಡೆ. ಪದವಿ ಒಂದೇ ಸಲಕ್ಕೆ ಮುಗಿಯಬೇಕು, ಇನ್ನೊಂದು ವರ್ಷ ಹಾಳಾದರೆ ಮರುಮಾತಿಲ್ಲದೆ ಬೋರ್ಡಿಂಗ್ ಶಾಲೆ ಎಂಬುದು ಅಪ್ಪನ ಷರತ್ತು. ಒಳ್ಳೆಯ ಅಂಕ ಬಂದರೆ ಎಂ.ಎಸ್ಸಿ. ಎಂಬುದು ನನ್ನ ಆಸೆ.

ಎರಡು ಸಾವಿರದ ಆಚೀಚಿನ ವರ್ಷ ಅದು. ಕೊನೆಯ ವರ್ಷದ ವೇಳಾಪಟ್ಟಿಯನ್ನು ಕಾಲೇಜಿನ ಬೋರ್ಡಿಗೆ ಹಚ್ಚಿದಾಗ ನಾನು ಮೊದಲು ನೋಡಿದ್ದು ವಾರವನ್ನು. ಗಣಿತದ ಕೊನೆಯ ಪತ್ರಿಕೆ ಶನಿವಾರ ಬೆಳಿಗ್ಗೆ. ಅಲ್ಲೇ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ.

ಈ ಸಲ ಪಾಸ್ಟರು ಸುಮ್ಮನಿರಲಿಲ್ಲ. ಓಡಾಡಿ, ಕಾಡಿ ಬೇಡಿ ಒಂದು ಅನುಮತಿ ತಂದರು. ನಮ್ಮವರಿಗೆ ಹಲವು ಕಡೆ ಇಂಥ ಏರ್ಪಾಡು ಮಾಡಿಕೊಟ್ಟದ್ದುಂಟಂತೆ: ಬೇರೆಯವರು ಪರೀಕ್ಷೆಗೆ ಕೂರುವ ಮೊದಲೇ ನಾನು ಕಾಲೇಜಿಗೆ ಬರಬೇಕು, ಬೇರೆ ಕೋಣೆಯಲ್ಲಿ ಯಾರ ಸಂಪರ್ಕವೂ ಇಲ್ಲದೆ ಕಾವಲಿನಲ್ಲಿ ಇರಬೇಕು, ಸೂರ್ಯ ಮುಳುಗಿದ ಮೇಲೆ ಅದೇ ಪತ್ರಿಕೆ ಬರೆಯಬೇಕು. ನಮ್ಮ ಪ್ರಿನ್ಸಿಪಾಲರು ಒಳ್ಳೆಯವರು, ಒಪ್ಪಿದರು. ಆದರೆ ದಿನವಿಡೀ ಕಾವಲಿಗೆ ಕೂರಲು ಒಪ್ಪಿದವರು ಹಿಂದಿ ಕಲಿಸುವ ಮೇಡಂ ಒಬ್ಬರೇ. ಅವರ ಮನೆ ಕಾರ್ಕಳ ದಾಟಿ ಬಜಗೋಳಿಯಲ್ಲಿ. ಎಂಟೂವರೆಯ ಬಸ್ಸು ತಪ್ಪಿದರೆ ಮತ್ತೆ ಬಜಗೋಳಿಗೆ ಏನೂ ಇಲ್ಲ. ಹಾಗಾಗಿ ಎಂಟೂಕಾಲಿಗೆ ನಾನು ಉತ್ತರಪತ್ರಿಕೆ ಕೊಟ್ಟೇ ಬಿಡಬೇಕು.

"ಐದು ಗಂಟೆಗೆ ಶುರು ಮಾಡಿದರೆ ಪೂರ್ತಿ ಮೂರು ಗಂಟೆ ಸಿಗ್ತದೆ. ಐದು ಗಂಟೆ ಅಂದರೆ ಸಂಜೆಯೇ ಅಲ್ವಾ?" ಎಂದು ಪ್ರಿನ್ಸಿಪಾಲರು ಅಪ್ಪನನ್ನು ಕೇಳಿದರು.

"ಸೂರ್ಯ ಮುಳುಗಬೇಕು ಸಾರ್," ಎಂದರು ಅಪ್ಪ.

ಬೇಸಿಗೆಯ ಆ ದಿನಗಳಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು. ಮೂರು ಗಂಟೆಯ ಪತ್ರಿಕೆಗೆ ನನಗೆ ಅರ್ಧ ಹೊತ್ತೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಪಾಸಾಗುವುದೇ ದೊಡ್ಡದು, ಎಂ.ಎಸ್ಸಿ. ಎಲ್ಲಿಂದ? ನಾನು ಅಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಸೂರ್ಯ ಮುಳುಗಿದ್ದನ್ನು ಕಾಪುವಿನ ಕಡಲ ಬದಿಯಲ್ಲಿ ತಾವೇ ಕಣ್ಣಾರೆ ನೋಡಿ, ಅಲ್ಲಿನ ಅಂಗಡಿಯ ಕಾಯಿನ್ ಫೋನಿನಿಂದ ಕಾಲೇಜಿಗೆ ತಿಳಿಸುತ್ತೇನೆ, ಆಮೇಲೆಯೇ ಪತ್ರಿಕೆ ತೆರೆಯಬೇಕು ಎಂದು ಮಾತು ಮಾಡಿಕೊಂಡರು. ಸಬ್ಬತ್ತಿನಲ್ಲಿ ಜೇಬಿನಲ್ಲಿ ದುಡ್ಡು ಇರಬಾರದಲ್ಲ, ಅದಕ್ಕೆ ಫೋನಿಗೆ ಹಾಕುವ ನಾಣ್ಯವನ್ನು ಶುಕ್ರವಾರವೇ ಅಂಗಡಿಯವನ ಕೈಯಲ್ಲಿ ಕೊಟ್ಟಿಟ್ಟರು. ಎಂಥ ಮನುಷ್ಯ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು.

ಬಸ್ಸು ಹತ್ತುವಂತಿಲ್ಲವಾದ್ದರಿಂದ ಶುಕ್ರವಾರವೇ ಉಡುಪಿಗೆ ಬಂದು ಕಡಿಯಾಳಿಯಲ್ಲಿ ನಮ್ಮ ಸಭೆಯ ಒಬ್ಬರು ದೊಡ್ಡಮ್ಮನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅಲ್ಲಿಂದ ಕಾಲೇಜಿಗೆ ನಡೆದು ಹೋದೆ. ದೊಡ್ಡಮ್ಮ ಹಿಂದಿನ ದಿನವೇ ಮಾಡಿಟ್ಟ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಆಫೀಸಿನಲ್ಲಿ ನನ್ನ ಬ್ಯಾಗು ತೆಗೆದಿಟ್ಟುಕೊಂಡರು, ಕೈಗಡಿಯಾರವನ್ನೂ ಬಿಚ್ಚಿಸಿದರು. ಪಟ್ಟಿಯ ಅಡಿಯಲ್ಲಿ ಸೂತ್ರ ಬರೆದುಕೊಂಡಿದ್ದೇನೋ ಎಂಬ ಅನುಮಾನ ಇದ್ದೀತು.

ಕೋಣೆ ಸಣ್ಣದು, ಮುರಿದ ಸ್ಟೂಲುಗಳನ್ನು ಒಟ್ಟಿದ ಉಗ್ರಾಣ. ವರಾಂಡದ ಕಡೆಯ ಕಿಟಕಿಗಳನ್ನು ಮುಚ್ಚಿ ಚಿಲಕ ಹಾಕಿದ್ದರು, ಹುಡುಗರು ಹೊರಗೆ ಪ್ರಶ್ನೆಗಳ ಬಗ್ಗೆ ಮಾತಾಡಿದ್ದು ನನ್ನ ಕಿವಿಗೆ ಬೀಳಬಾರದೆಂದು. ಫ್ಯಾನು ಇತ್ತು, ತಿರುಗುತ್ತಿರಲಿಲ್ಲ. ಟ್ಯೂಬ್‌ಲೈಟು ಹಗಲಲ್ಲೂ ಉರಿಯುತ್ತಿತ್ತು. ಪೂರ್ವಕ್ಕೆ ಒಂದೇ ಕಿಟಕಿ, ಅದರಾಚೆ ಕಾಂಪೌಂಡಿನ ಎತ್ತರದ ಗೋಡೆ. ಸೆಕೆ ತಾಳಲಾರದೆ ಮೇಡಂ ಅದೊಂದನ್ನು ತೆರೆದರು. ಗೋಡೆಯ ಮೇಲ್ಗಡೆ ನೀರಿನ ಟ್ಯಾಂಕಿನ ತಲೆ ಮಾತ್ರ ಕಾಣುತ್ತಿತ್ತು.

ನಾನು ಓದುವಂತಿಲ್ಲ. ಲೆಕ್ಕವನ್ನು ಮನಸ್ಸಿನಲ್ಲಿ ನೆನೆಯುವಂತೆಯೂ ಇಲ್ಲ, ಅದೂ ಕೆಲಸವೇ. ಬೇಡ ಬೇಡ ಎಂದಷ್ಟೂ ಸಮೀಕರಣಗಳು ಒಂದರ ಹಿಂದೊಂದು ಬರುತ್ತಿದ್ದವು. ಅವನ್ನು ಓಡಿಸಲು ಕೀರ್ತನೆ ಹೇಳಿಕೊಂಡರೆ ಕೀರ್ತನೆಯ ನಡುವೆಯೇ ಸಮೀಕರಣ. ಹನ್ನೆರಡೂವರೆಗೆ ಗಂಟೆ ಬಾರಿಸಿತು. ವರಾಂಡದಲ್ಲಿ ಚಪ್ಪಲಿಗಳ ಸದ್ದು, ಗಲಾಟೆ, ಒಬ್ಬಳು ಗೊಳೋ ಎಂದು ಅತ್ತದ್ದು. ಅವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಬರೆದಾದರೂ ಅತ್ತಳಲ್ಲ ಎಂದು. ಬಚ್ಚಲಿಗೆ ಹೋಗಬೇಕಾದರೂ ಮೇಡಂ ಹಿಂದೆಯೇ ಬಂದು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಸಣ್ಣವಳಿದ್ದಾಗಿನ ಹೆದರಿಕೆಯೆಲ್ಲ ಮತ್ತೆ ಬಂದು ಎದೆಯ ಮೇಲೆ ಕೂತಿತು. ಇಲ್ಲಿಯೂ ಕಾವಲು, ಮೇಲೆಯೂ ಕಾವಲು. ನಾನು ಹುಟ್ಟಿದಾಗಿನಿಂದ ಇಂಥದೊಂದು ಕೋಣೆಯಲ್ಲೇ ಇದ್ದೇನೆ ಎನಿಸಿತು.

ಮೇಡಂ ಒಂದು ವಾರಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಮತ್ತೆ ಕೊನೆಯಿಂದ ಮೊದಲಿಗೆ ಓದಿದರು. ಆಮೇಲೆ ಅದನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತ, "ನಿಮ್ಮದು ಎಂತದು, ಸ್ವಲ್ಪ ಹೇಳು ನೋಡುವಾ. ಹೇಗೂ ನಾನು ಸಹ ಇಲ್ಲೇ ಬಿದ್ದಿರಬೇಕು," ಎಂದರು.

ಧರ್ಮದ ಮಾತಿಗೆ ಸಬ್ಬತ್ತಿನಲ್ಲಿ ಅಡ್ಡಿಯಿಲ್ಲ. ಅಪ್ಪನ ಚಾರ್ಟು ಎದುರಿಗೆ ಇದ್ದ ಹಾಗೆ ಹೇಳಿದೆ: ಎರಡು ಸಾವಿರದ ಮುನ್ನೂರು ವರ್ಷ, ಇಲ್ಲದ ಸೊನ್ನೆ ವರ್ಷ, ನಲವತ್ತನಾಲ್ಕನೇ ಇಸವಿ, ಒಳಕೋಣೆ, ವಿಚಾರಣೆ. ಅವರು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ಕೇಳಿದರು.

"ಹಾಗಾದರೆ ಆಗ ಒಳಗೆ ಹೋದವರು ಇನ್ನೂ ಹೊರಗೆ ಬರ್ಲಿಲ್ವಾ?"

"ಇಲ್ಲ ಮೇಡಂ. 'ಎಲ್ಲರದ್ದೂ ಮುಗಿಯದೆ ಬರುವ ಹಾಗಿಲ್ಲ' ಅಂತ ಅಪ್ಪ ಹೇಳ್ತಾರೆ."

"ನಡುವಿನಲ್ಲಿ ಒಮ್ಮೆ ಸಹ ಇಲ್ಲ?"

"ಇಲ್ಲ."

"ಪಾಪ," ಎಂದರು ಮೇಡಂ. "ಬೇರೆಯವರ ಪರೀಕ್ಷೆಗೆ ಅವರು ಒಳಗೆ ಕೂತದ್ದು. ನನ್ನ ಹಾಗೆಯೇ."

ನನಗೆ ನಗು ಬಂತು. ಕೂಡಲೇ ಅಳುವೂ ಬಂತು. ಇಷ್ಟು ವರ್ಷ ಆ ಕೋಣೆಯ ಹೊರಗೆ ನಿಂತು ನಡುಗಿದ್ದೇ ಬಂತು, ಒಳಗಿರುವವನಿಗೆ ಹೇಗಾಗುತ್ತಿದ್ದೀತು ಎಂದು ಯೋಚಿಸಿದ್ದೇ ಇರಲಿಲ್ಲ. ಮೇಡಂ ತಮ್ಮ ಬುತ್ತಿಯಿಂದ ಒಂದು ಚಟ್ಟಂಬಡೆ ತೆಗೆದು ನನ್ನ ಚಿತ್ರಾನ್ನದ ಮೇಲೆ ಇಟ್ಟರು. ಮನೆಯಲ್ಲಿ ಕರಿದದ್ದು, ಯಾವಾಗ ಕರಿದದ್ದೆಂದು ನಾನು ಕೇಳಲಿಲ್ಲ. ತಿಂದೆ.

ಊಟದ ಮೇಲೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಬೆಂಚಿಗೆ ತಲೆಯಿಟ್ಟು ಜೋಂಪು ಹತ್ತಿತ್ತು. ಬಾಗಿಲು ತಟ್ಟಿದ ಸದ್ದಿಗೆ ಎದ್ದೆ. ಆಫೀಸಿನ ಅಟೆಂಡರು ಬಂದಿದ್ದರು.

"ಕಾಪುವಿನಿಂದ ಫೋನ್ ಬಂತು ಮೇಡಂ. ಸೂರ್ಯ ಮುಳುಗಿತಂತೆ. ಶುರು ಮಾಡ್ಲಿಕ್ಕೆ ಹೇಳಿದ್ರು ಇವಳ ತಂದೆ."

ನಾನು ಕಿಟಕಿಯ ಕಡೆ ನೋಡಿದೆ. ಟ್ಯಾಂಕಿನ ತಲೆಯ ಮೇಲೆ ಬಿಸಿಲಿತ್ತು. ಮುಳುಗುವ ಹೊತ್ತಿನ ಕೆಂಪು ಅಲ್ಲ, ಕಣ್ಣಿಗೆ ಹೊಡೆಯುವ ಹಳದಿ ಬಿಸಿಲು. ವಾರ ವಾರ ಮರಳಿನಲ್ಲಿ ನಿಂತು ಅದನ್ನೇ ಕಾದವಳು ನಾನು. ಇನ್ನೂ ಒಂದು ಗಂಟೆಗೆ ಕಡಿಮೆ ಇಲ್ಲ ಎಂದು ಹೇಳಲು ನನಗೆ ಗಡಿಯಾರ ಬೇಕಿರಲಿಲ್ಲ. ಮೋಡವೋ ಎಂದುಕೊಂಡೆ. ಮೋಡವಿದ್ದರೆ ಅಪ್ಪ ಇನ್ನೂ ಹೆಚ್ಚು ಕಾಯುವವರು. ಬೇರೆ ಯಾರಾದರೂ ಫೋನು ಮಾಡಿದರೋ ಎಂದು ಕೇಳಿದೆ. "ನಿನ್ನ ಅಪ್ಪನೇ ಮಾರಾಯ್ತಿ, ನಾನೇ ಮಾತಾಡಿದ್ದಲ್ವಾ," ಎಂದರು ಅಟೆಂಡರು.

ಅಪ್ಪ ಸುಳ್ಳು ಹೇಳಿದ್ದರು.

ಮೊದಲು ಬಂದದ್ದು ಸಿಟ್ಟು. ಇದೇ ಸೂರ್ಯನಿಗಾಗಿ ನನ್ನ ಒಂದು ವರ್ಷ ತಿಂದರು, ಊರೆಲ್ಲ ಫೇಲು ಎನಿಸಿದರು. ಈಗ ಅದೇ ಬಾಯಲ್ಲಿ ಮುಳುಗಿತು ಎನ್ನುತ್ತಾರೆಯೇ? ಆಗುವುದಿದ್ದರೆ ಆಗಲೇ ಯಾಕೆ ಆಗಲಿಲ್ಲ? ಆಮೇಲೆ ಅಪ್ಪ ಎಂಥವರೆಂಬುದು ನೆನಪಾಯಿತು. ಬಸ್ಸಿನ ಮೇಲೆ ಎರಡಕ್ಷರ ಬರೆಯಲು ಒಪ್ಪದ ಮನುಷ್ಯ. ಈ ಹೊತ್ತೇ ತನ್ನ ಹೆಸರು ತೆಗೆದು ನೋಡುತ್ತಿರಬಹುದೆಂದು ನಿಜವಾಗಿಯೂ ನಂಬಿದ ಮನುಷ್ಯ. ನಾನು ನಂಬಿದ್ದು ಹೆದರಿಕೆಯಿಂದ, ಅವರದು ಹಾಗಲ್ಲ. ಅವರು ಉರಿ ಬಿಸಿಲಿನಲ್ಲಿ ನಿಂತು, ಆ ನಾಣ್ಯ ಕೇಳಿ ತೆಗೆದುಕೊಂಡು, ಸೂರ್ಯ ಮುಳುಗಿತು ಎಂದಿದ್ದರು.

ಗೊತ್ತಿಲ್ಲದೆ ತಪ್ಪಿದವರಿಗೆ ಮಾಫಿ ಉಂಟು, ಗೊತ್ತಿದ್ದೂ ಮಾಡಿದವರದೇ ಕಷ್ಟ ಎಂದು ಅಪ್ಪ ಕೂಟಗಳಲ್ಲಿ ಹೇಳುತ್ತಿದ್ದರು. ಅವರ ಯೋಚನೆ ನನಗೆ ಅರ್ಥವಾಯಿತು. ಮುಚ್ಚಿದ ಕೋಣೆಯಲ್ಲಿ, ಗಡಿಯಾರವಿಲ್ಲದೆ ಕೂತ ಮಗಳಿಗೆ ಏನೂ ಗೊತ್ತಾಗದು. ಫೋನು ಬಂತು, ಬರೆದಳು, ಅವಳದೇನು ತಪ್ಪು? ಕಿಟಕಿಯೊಂದನ್ನು ಮೇಡಂ ತೆರೆದಿದ್ದಾರೆಂದು ಅವರಿಗೆ ಹೇಗೆ ತಿಳಿಯಬೇಕು? ನಾನು ಬರೆದರೆ ಗೊತ್ತಿದ್ದೂ ಮಾಡಿದ ಹಾಗೆ. ಬರೆಯದೆ ಕೂತರೆ ಅಪ್ಪ ಮಾಡಿದ್ದು ನೀರಿನಲ್ಲಿ ಹೋಮ. ಯಾವ ಕಡೆ ತಿರುಗಿದರೂ ಗೋಡೆ.

ಮೇಡಂ ತಮ್ಮ ವಾಚು ನೋಡಿದರು. ಕಿಟಕಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿಕೊಂಡು, "ಅಪ್ಪ ಹೇಳಿದ ಮೇಲೆ ಆಯ್ತಲ್ಲ. ಬರಿ," ಎಂದರು.

ಬೆಂಚನ್ನು ಎಳೆದು ಕಿಟಕಿಗೆ ಬೆನ್ನು ಹಾಕಿ ಕೂತೆ. ಒಂದನೇ ಲೆಕ್ಕದಿಂದ ಶುರು ಮಾಡಿದೆ. ಆಮೇಲೆ ನಾನು ತಲೆ ಎತ್ತಲಿಲ್ಲ. ಟ್ಯಾಂಕಿನ ಮೇಲಿನ ಬಿಸಿಲು ಯಾವಾಗ ಆರಿತೋ ನನಗೆ ಗೊತ್ತಿಲ್ಲ, ನೋಡಬಾರದೆಂದೇ ನೋಡಲಿಲ್ಲ.

ಮುಂದಿನ ಕಥೆ ಉದ್ದವಿಲ್ಲ. ಅಂಕ ಚೆನ್ನಾಗಿ ಬಂತು, ಎಂ.ಎಸ್ಸಿ. ಸೀಟು ಸಿಕ್ಕಿತು, ಬೋರ್ಡಿಂಗ್ ಶಾಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನಾನು ಮಣಿಪಾಲದಲ್ಲಿ ಗಣಿತ ಕಲಿಸುವ ಕೆಲಸಕ್ಕೆ ಸೇರಿದೆ. ಗೇಟಿನ ಹೊರಗೇ ಉಳಿದೆ. ಅಪ್ಪ ಮಾತ್ರ ಆ ತಿಂಗಳಿನಿಂದ ಕೂಟದಲ್ಲಿ ಚಾರ್ಟಿನ ಕೊನೆಯ ಭಾಗ ವಿವರಿಸುವುದನ್ನು ಬಿಟ್ಟರು. ಸಿಂಹ, ಕರಡಿ, ಚಿರತೆಯವರೆಗೆ ಹೇಳಿ, ಒಳಕೋಣೆಯ ವಿಷಯ ಬಂದಾಗ ಚಾರ್ಟು ತೋರಿಸುವ ಕಡ್ಡಿಯನ್ನು ಬೇರೆಯವರ ಕೈಗೆ ಕೊಡುತ್ತಿದ್ದರು. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಮೊದಲು ನಮ್ಮಲ್ಲಿ ಒಬ್ಬರ ಕಾಲು ಒಬ್ಬರು ತೊಳೆಯುವ ಕ್ರಮವುಂಟು. ಆ ಹೊತ್ತಿಗೆ ಅಪ್ಪ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದರು. ತಪ್ಪು ಹೊತ್ತವರು ಮುಟ್ಟಬಾರದ ಆ ರೊಟ್ಟಿಯನ್ನು ತೆಗೆದುಕೊಳ್ಳುತ್ತಿರಲಿಲ್ಲ. "ಎಂತ ಆಗಿದೆ ನಿಮಗೆ?" ಎಂದು ಅಮ್ಮ ಕೇಳಿ ಕೇಳಿ ಸೋತಳು. ಸಬ್ಬತ್ತನ್ನು ಮಾತ್ರ ಮೊದಲಿಗಿಂತ ಹೆಚ್ಚು ಬಿಗಿಯಾಗಿ ನಡೆಸಿದರು. ಅವರು ತೀರಿಕೊಳ್ಳುವವರೆಗೂ ನಾನು ನೋಡಿದ ಬಿಸಿಲಿನ ಮಾತನ್ನು ಅವರೆದುರು ಎತ್ತಲಿಲ್ಲ. ಎಷ್ಟೋ ಸಲ ನಾಲಗೆಯ ತುದಿಗೆ ಬಂತು, ತಪ್ಪು ನಿಮ್ಮೊಬ್ಬರದೇ ಅಲ್ಲ ಅಪ್ಪ, ನನ್ನದೂ ಉಂಟು ಎಂದು ಹೇಳಿಬಿಡಬೇಕೆನಿಸಿತು. ಹೇಳುವ ದಾರಿಯನ್ನು ಪರೀಕ್ಷೆಯ ದಿನವೇ ಬಸ್ಸಿನಲ್ಲಿ ನಾನೇ ಮುಚ್ಚಿಬಿಟ್ಟಿದ್ದೆ.

ಆ ದಿನ ಎಂಟೂಕಾಲಿಗೆ ಉತ್ತರಪತ್ರಿಕೆ ಕೊಟ್ಟೆ. ಮೇಡಂ ಸೀರೆಯ ನೆರಿಗೆ ಎತ್ತಿಕೊಂಡು ಬಸ್ಸಿಗೆ ಓಡಿದರು. ಅಪ್ಪ ಗೇಟಿನಲ್ಲಿ ನಿಂತಿದ್ದರು, ಕಾಲಿಗೆ ಹತ್ತಿದ ಮರಳನ್ನೂ ಕೊಡವಿರಲಿಲ್ಲ. ಫೋನು ಮಾಡಿದ ಮೇಲೆಯೂ ಕಡಲ ಬದಿಯಲ್ಲೇ ಇದ್ದು, ಸೂರ್ಯ ನಿಜವಾಗಿ ಮುಳುಗಿದ ಮೇಲೆಯೇ ಉಡುಪಿಯ ಬಸ್ಸು ಹತ್ತಿದ್ದಿರಬೇಕು. ಕಾಪುವಿನ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

"ಎಷ್ಟು ಬರೆದೆ?" ಎಂದರು.

"ಒಂದು ಪ್ರಶ್ನೆ ಬಿಟ್ಟು ಎಲ್ಲ."

ತಲೆಯಾಡಿಸಿದರು. ಬಸ್ಸು ಉದ್ಯಾವರದ ಸೇತುವೆ ದಾಟಿತು. ಆಮೇಲೆ, ಅಷ್ಟು ಹೊತ್ತು ತುಳುವಿನಲ್ಲಿದ್ದವರು ಕನ್ನಡಕ್ಕೆ ತಿರುಗಿದರು.

"ಆ ಕೋಣೆಯಲ್ಲಿ ಗಡಿಯಾರ ಇತ್ತಾ?"

"ಇಲ್ಲ ಅಪ್ಪ."

"ಹೊರಗೆ ಬಿಸಿಲು ಉಂಟೋ ಇಲ್ವೋ ಅಂತ ಒಳಗೆ ಕೂತವರಿಗೆ ಕಾಣ್ತದಾ?"

ಅವರು ನನ್ನ ಕಡೆ ನೋಡಲಿಲ್ಲ. ಎದುರಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಇಲ್ಲ. ಎಲ್ಲ ಮುಚ್ಚಿದ್ದರು."

"ಒಂದು ಕಿಟಕಿ ಸಹ?"

"ಒಂದು ಸಹ ತೆರೆದಿರಲಿಲ್ಲ ಅಪ್ಪ."

ಅಪ್ಪ ಸರಳು ಬಿಟ್ಟು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

"ಹಾಗಾದರೆ ನಿನ್ನ ಮೇಲೆ ಎಂತದೂ ಇಲ್ಲ," ಎಂದರು.